ತಿಕೋಟಾದ ದ್ರಾಕ್ಷಿ ತೋಟದಿಂದ ಹಿಡಿದ ಗ್ರಹ

ಬೇರೆ ನಕ್ಷತ್ರವನ್ನು ಸುತ್ತುವ ಗ್ರಹ ಹಿಡಿಯೋಕೆ ದೊಡ್ಡ ದೂರದರ್ಶಕ ಬೇಕೇ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಬೇಕಿಲ್ಲ. ಡಿಎಸ್‌ಎಲ್‌ಆರ್ ಕ್ಯಾಮೆರಾ, 200 ಎಂಎಂ ಲೆನ್ಸ್, ಆಕಾಶದ ಜೊತೆ ನಿಧಾನಕ್ಕೆ ತಿರುಗುವ ಒಂದು ಟ್ರ್ಯಾಕರ್. ಇಷ್ಟರಲ್ಲೇ ನನಗೆ ಸಿಕ್ಕಿತು.

ಆರಿಸಿಕೊಂಡದ್ದು ಎಚ್‌ಡಿ 189733. ನಮ್ಮಿಂದ ಸುಮಾರು 64 ಜ್ಯೋತಿರ್ವರ್ಷ ದೂರದ ಕಿತ್ತಳೆ ನಕ್ಷತ್ರ. ಇದರ ಗ್ರಹ ಪತ್ತೆಯಾದದ್ದು 2005ರಲ್ಲಿ. ಗುರುವಿಗಿಂತ ತುಸು ದೊಡ್ಡದು, ಆದರೆ ನಕ್ಷತ್ರಕ್ಕೆ ಎಷ್ಟು ಅಂಟಿಕೊಂಡಿದೆ ಅಂದ್ರೆ ಒಂದು ಸುತ್ತಿಗೆ ಸುಮಾರು 2 ದಿನ 5 ಗಂಟೆ 15 ನಿಮಿಷ ಸಾಕು. ನಕ್ಷತ್ರ ಸೂರ್ಯನಿಗಿಂತ ಚಿಕ್ಕದು, ಗ್ರಹ ದಪ್ಪ. ಹಾಗಾಗಿ ಗ್ರಹ ನಕ್ಷತ್ರಕ್ಕೆ ಅಡ್ಡ ಬಂದಾಗ ಅದರ ಬೆಳಕು ಶೇ. 2.4ರಷ್ಟು ಕುಗ್ಗುತ್ತದೆ. ಹವ್ಯಾಸಿಗಳಿಗೆ ಇದು ದೊಡ್ಡ ಮೊತ್ತ.

ವಿಜಯಪುರದ ಊರೊಳಗೆ ಬೀದಿದೀಪ ಜಾಸ್ತಿ. ಅದಕ್ಕೇ ತಿಕೋಟಾ ಹತ್ತಿರ ಕಾಕಾನ ದ್ರಾಕ್ಷಿ ತೋಟಕ್ಕೆ ಹೋದೆ. ಅಕ್ಟೋಬರ್ ನಡುವೆ ಕತ್ತಲಾಗುವ ಹೊತ್ತಿಗೆ ಈ ನಕ್ಷತ್ರ ನಮ್ಮ ನೆತ್ತಿಯ ಹತ್ತಿರವೇ ಇರುತ್ತದೆ. ಬರಿಗಣ್ಣಿಗೆ ಕಾಣಲ್ಲ. ಡಂಬೆಲ್ ನೀಹಾರಿಕೆ (ಆಕಾಶದಲ್ಲಿನ ಮಸುಕಾದ ಅನಿಲ ಮೋಡ) ಹುಡುಕಿ, ಅಲ್ಲಿಂದ ಪೂರ್ವಕ್ಕೆ ಚಂದ್ರನ ಅರ್ಧ ಅಗಲದಷ್ಟು ಸರಿದರೆ ಸಿಗುತ್ತದೆ.

ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸಿದೆ. ಚೂಪಾದ ಚುಕ್ಕಿಯ ಬೆಳಕೆಲ್ಲ ಮೂರ್ನಾಲ್ಕು ಪಿಕ್ಸೆಲ್ ಮೇಲೆ ಬಿದ್ದು ಉಕ್ಕಿಹೋಗುತ್ತದೆ. ಸಣ್ಣ ಬಿಲ್ಲೆಯಂತೆ ಹರಡಿಕೊಂಡರೆ ಅಳತೆ ನಂಬುವಂತಿರುತ್ತದೆ. ಆಮೇಲೆ 30 ಸೆಕೆಂಡಿಗೊಂದು ರಾ ಫೋಟೊ (ಕ್ಯಾಮೆರಾ ತಿದ್ದದ ಮೂಲ ಫೋಟೊ), ಐಎಸ್‌ಒ, ಅಂದ್ರೆ ಬೆಳಕಿನ ಸೂಕ್ಷ್ಮತೆಯ ಸೆಟ್ಟಿಂಗ್, ಬದಲಿಸೋ ಹಾಗಿಲ್ಲ. ಗ್ರಹ ದಾಟೋಕೆ ಸುಮಾರು 1 ಗಂಟೆ 50 ನಿಮಿಷ. ಮೊದಲು ಒಂದು ಗಂಟೆ, ಆಮೇಲೆ ಒಂದು ಗಂಟೆ ಸೇರಿಸಿಯೇ ತೆಗೆಯಬೇಕು. ಈ ನಕ್ಷತ್ರದ ಮೇಲೆ ಕಲೆಗಳು ಜಾಸ್ತಿ, ಅದು ತಿರುಗಿದಂತೆಲ್ಲ ಹೊಳಪು ಏರಿಳಿಯುತ್ತದೆ. ನಿನ್ನೆಯ ಬೆಳಕಿಗೆ ಇವತ್ತಿನದನ್ನು ಹೋಲಿಸಿದರೆ ಕೆಲಸಕ್ಕೆ ಬರಲ್ಲ.

ಕಾಕಾ ಬಂದು ಕೇಳಿದರು, "ಒಂದ ಚುಕ್ಕಿಗಿ ಎಷ್ಟ್ ಫೋಟೊ ತಗಿತಿಯೋ ತಮ್ಮಾ?" ಹೇಳಿದೆ. ಮರುಮಾತಿಲ್ಲದೆ ಪಂಪಿನ ಮನೆಯ ಬಲ್ಬ್ ಆರಿಸಿ, ಪಕ್ಕದಲ್ಲೇ ಕುಳಿತರು.

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದು ಹೋಲಿಕೆ ನಕ್ಷತ್ರದಲ್ಲಿ. ಅದೇ ಫೋಟೊದಲ್ಲಿರುವ, ಹೊಳಪು ಬದಲಾಗದ ಇನ್ನೊಂದು ನಕ್ಷತ್ರದ ಬೆಳಕಿನಿಂದ ನಮ್ಮದನ್ನು ಭಾಗಿಸಬೇಕು. ತೆಳು ಮೋಡ, ದೂಳು ಬಂದರೂ ಎರಡಕ್ಕೂ ಒಂದೇ, ಅಲ್ವಾ? ಆದರೆ ಬಣ್ಣವೂ ಹೊಂದಬೇಕು. ನಕ್ಷತ್ರ ಪಶ್ಚಿಮಕ್ಕೆ ಇಳಿದಂತೆ ಗಾಳಿ ನೀಲಿ ಬೆಳಕನ್ನೇ ಜಾಸ್ತಿ ನುಂಗುತ್ತದೆ. ನೀಲಿ ನಕ್ಷತ್ರ ಇಟ್ಟುಕೊಂಡರೆ ಗ್ರಾಫ್ ಸುಮ್ನೆ ಓರೆಯಾಗುತ್ತದೆ. ನಾನು ಕಿತ್ತಳೆ ಬಣ್ಣದ್ದನ್ನೇ ಹುಡುಕಿ, ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಆಸ್ಟ್ರೋಇಮೇಜ್‌ಜೆ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅಳೆದೆ. ಹತ್ತತ್ತು ಫೋಟೊ ಸರಾಸರಿ ಮಾಡಿದ ಮೇಲೆ ಗ್ರಾಫ್ ಇಳಿದು, ತಳದಲ್ಲಿ ನಿಂತು, ಮತ್ತೆ ಏರಿದ್ದು ಸ್ಪಷ್ಟವಾಗಿ ಕಂಡಿತು. ಅಷ್ಟು ಖುಷಿ ನನಗೆ ಯಾವ ನೀಹಾರಿಕೆಯ ಫೋಟೊದಲ್ಲೂ ಸಿಕ್ಕಿಲ್ಲ.

ಮೋಡದಿಂದ ಒಂದು ಸಂಜೆ ತಪ್ಪಿದರೆ ಬಿಡಬೇಡಿ. ಗ್ರಹದ 9 ಸುತ್ತಿಗೆ 20 ದಿನಕ್ಕೆ 47 ನಿಮಿಷ ಕಡಿಮೆ ಬೀಳುತ್ತದೆ. ಅಂದರೆ ಇಪ್ಪತ್ತನೇ ದಿನ ಮುಕ್ಕಾಲು ಗಂಟೆ ಮೊದಲು ಮತ್ತೆ ಅಡ್ಡ ಬರುತ್ತದೆ. ನಕ್ಷತ್ರವೂ ಅಷ್ಟರಲ್ಲಿ 80 ನಿಮಿಷ ಬೇಗ ಮುಳುಗುತ್ತಿರುತ್ತದೆ, ಅದನ್ನು ನೋಡಿಕೊಂಡು ಜಾಗ ಹಿಡಿಯಿರಿ.