ಹಳೇ ಇಂಗ್ಲಿಷ್ ಪುಸ್ತಕ ಓದುವವರಿಗೆ: ದೊಡ್ಡಕ್ಷರ ಕಂಡಲ್ಲೆಲ್ಲಾ ಹೆಸರಿರಲ್ಲ

1700ರ ಆಸುಪಾಸಿನ ಇಂಗ್ಲಿಷ್ ಪುಸ್ತಕಗಳ ಸ್ಕ್ಯಾನ್ ಓದ್ತೀರಾ? ವಾಕ್ಯದ ನಡುವೆ ಕ್ಯಾಪಿಟಲ್ ಅಕ್ಷರ ಕಂಡ ತಕ್ಷಣ ಅದು ಯಾರದೋ ಹೆಸರು ಅಂದುಕೊಳ್ಳಬೇಡಿ. ಆಗಿನ ಮುದ್ರಕರು ಮನೆ, ನಾಯಿ, ಮಳೆಯಂಥ ಸಾಮಾನ್ಯ ನಾಮಪದಗಳಿಗೂ ದೊಡ್ಡಕ್ಷರ ಹಾಕುತ್ತಿದ್ದರು. ಕೈಬರಹದಲ್ಲೂ ಇದೇ ರೂಢಿ. 1787ರ ಅಮೆರಿಕ ಸಂವಿಧಾನದ ಮೂಲಪ್ರತಿಯ ಫೋಟೋ ನೋಡಿ, ಮೊದಲ ವಾಕ್ಯದಲ್ಲೇ ಪೀಪಲ್, ಆರ್ಡರ್, ಯೂನಿಯನ್, ಜಸ್ಟಿಸ್ ಎಲ್ಲಾ ದೊಡ್ಡಕ್ಷರದಿಂದ ಶುರುವಾಗುತ್ತವೆ. ಅಷ್ಟೊತ್ತಿಗಾಗಲೇ ಇಂಗ್ಲೆಂಡಿನ ಮುದ್ರಣದಲ್ಲಿ ಈ ಪದ್ಧತಿ ಕಡಿಮೆಯಾಗಿತ್ತು. ಜರ್ಮನ್ನರು ಇವತ್ತಿಗೂ ಬಿಟ್ಟಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ದೊಡ್ಡಕ್ಷರ, ಚಿಕ್ಕಕ್ಷರ ಹುಟ್ಟಿದ್ದು ಒಟ್ಟಿಗಲ್ಲ. ದೊಡ್ಡವು ರೋಮನ್ನರು ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳು, ರೋಮ್‌ನ ಟ್ರಾಜನ್ ಸ್ತಂಭದ ಶಾಸನ ನೋಡಿದರೆ ಈಗಿನ ಅಚ್ಚಿನ ದೊಡ್ಡಕ್ಷರಗಳೇ ಕಣ್ಣಿಗೆ ಬೀಳುತ್ತವೆ. ಚಿಕ್ಕವು 800ರ ಹೊತ್ತಿನ, ಯುರೋಪಿನ ದೊರೆ ಶಾರ್ಲಮೇನ್ ಕಾಲದ ಕೈಬರಹದಿಂದ ಬಂದವು. 15ನೇ ಶತಮಾನದ ಇಟಲಿಯಲ್ಲಿ ಇವೆರಡೂ ಅಚ್ಚಿನ ಮೊಳೆಗಳಲ್ಲಿ ಜೊತೆಯಾದವು.

ಹಳೇ ಸಾಲುಗಳನ್ನು ಟೈಪ್ ಮಾಡುವಾಗ ದಯವಿಟ್ಟು ಆ ದೊಡ್ಡಕ್ಷರಗಳನ್ನು ತಿದ್ದಬೇಡಿ, ಇದ್ದ ಹಾಗೇ ಇಡಿ. ಮತ್ತೆ, 'ಎಫ್' ಥರ ಕಾಣುವ ಉದ್ದನೆಯ ಅಕ್ಷರ ಸುಮಾರು ಕಡೆ 'ಎಸ್' ಆಗಿರುತ್ತೆ, ಅಡ್ಡಗೀಟು ಪೂರ್ತಿ ದಾಟಿದೆಯಾ ಅಂತ ಜೂಮ್ ಮಾಡಿ ನೋಡಿ: ದಾಟಿದ್ದರೆ 'ಎಫ್', ಇಲ್ಲದಿದ್ದರೆ 'ಎಸ್'.