ಪರ್ಸೆಂಟ್ ಬಿಟ್ಟು ರಿನ್ಯೂವಲ್ ಹಿಡಿದೆ

"ವಿಮೆ ಬ್ರೋಕರ್ ಕಂಪನಿ ಅಗ್ರಿಮೆಂಟ್ ಅಚ್ಚು ಹಾಕಿಟ್ಟಿರ್ತಾರೆ ಮಾರಾಯ, ಒಂದಕ್ಷರ ಬದಲಾಗಲ್ಲ." ಗೋಣಿಕೊಪ್ಪದಲ್ಲಿ ವಿಮೆ ಮಾರುವ ನಮ್ಮ ಲೈನಿನವರೆಲ್ಲ ಹೀಗೇ ಅಂದಿದ್ದರು. ನನ್ನದರಲ್ಲಿ ಮೂರು ಕಡೆ ಬದಲಾಯಿತು.

ಮೊದಲು ಕೆಟ್ಟದ್ದನ್ನು ಹೇಳುತ್ತೇನೆ. 2023ರ ಮಳೆಗಾಲದಲ್ಲಿ ಒಂದು ಬ್ರೋಕರ್ ಕಂಪನಿಗೆ ಪಿಒಎಸ್‌ಪಿ, ಅಂದರೆ ಅವರ ಮೂಲಕ ಕಮಿಷನ್‌ಗೆ ಪಾಲಿಸಿ ಮಾರುವವನಾಗಿ ಸೇರಿದೆ. ಬೇರೆಯವರಿಗಿಂತ ಕಮಿಷನ್ 3 ಪರ್ಸೆಂಟ್ ಜಾಸ್ತಿ ಅಂದರು, ಸಹಿ ಹಾಕಿದೆ. ಅದು ಓಡಿ (ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂ) ಮೇಲೆ ಮಾತ್ರ ಅಂತ ಕಮಿಷನ್ನಿನ ಮೊದಲ ಪೇಔಟ್ ಬಂದಾಗಲೇ ಗೊತ್ತಾಗಿದ್ದು. ನನ್ನ ಗಿರಾಕಿಗಳು ಹೆಚ್ಚಿನವರು ಹಳೇ ಜೀಪು, ಪಿಕಪ್ ಇಟ್ಟವರು. ಪಿಕಪ್‌ನಂಥ ಗೂಡ್ಸ್ ಗಾಡಿಗೆ ಟಿಪಿಯೇ (ಬೇರೆಯವರಿಗಾಗುವ ಹಾನಿಗೆ ಕಟ್ಟುವ ಪ್ರೀಮಿಯಂ) 16,000 ದಾಟುತ್ತದೆ, ಹಳೇ ಗಾಡಿಯ ಓಡಿ ಚಿಲ್ಲರೆ. ವರ್ಷಕ್ಕೆ ಹತ್ತಿರ ಹತ್ತಿರ 40,000 ಹೋಯಿತು. ಇನ್ನೊಂದು ಹೊಟ್ಟೆ ಉರಿಸಿದ್ದು ಕಟಿಂಗ್, ಕೊಟ್ಟ ಕಮಿಷನ್ ವಾಪಸ್ ಹಿಡಿಯುವುದು. ಹೆಲ್ತ್ ಪಾಲಿಸಿ 30 ದಿನದ ಫ್ರೀ ಲುಕ್‌ನಲ್ಲಿ (ಗಿರಾಕಿ ಬೇಡ ಅನ್ನಲು ಇರುವ ಅವಧಿ) ವಾಪಸ್ ಹೋದರೆ ಕಮಿಷನ್ ಹಿಡಿಯಲಿ, ಅದು ನ್ಯಾಯ. ಎಂಟು ತಿಂಗಳಾದ ಮೇಲೆ ಗಿರಾಕಿ ಜೀಪು ಮಾರಿದ್ದಕ್ಕೂ ಹಿಡಿದರು! ಬಿಟ್ಟು ಬರುವಾಗ ಎನ್‌ಒಸಿಗೆ (ಬೇರೆ ಕಡೆ ಸೇರಲು ಅಭ್ಯಂತರವಿಲ್ಲ ಅನ್ನುವ ಪತ್ರ) ಎರಡು ತಿಂಗಳು ಅಲೆದೆ, ಸುಮಾರು 140 ರಿನ್ಯೂವಲ್ ಅಲ್ಲೇ ಉಳಿಯಿತು.

ಎರಡನೇ ಸಲ ಬೇರೊಂದು ಬ್ರೋಕರ್ ಕಂಪನಿಗೆ 2025ರ ಫೆಬ್ರವರಿಯಲ್ಲಿ ಹೋದೆ, ಬೇಕಂತಲೇ. ರೋಬಸ್ಟಾ ಕೊಯ್ಲು, ಪ್ಲಾಂಟರ್ ಕೈಯಲ್ಲಿ ದುಡ್ಡು ಓಡಾಡುವ ಕಾಲ. ಮಾರ್ಚ್ ಟಾರ್ಗೆಟ್ ಕಂಪನಿಯವರ ತಲೆ ಮೇಲಿರುತ್ತದೆ. ಕೈಯಲ್ಲಿ ಒಂದು ನೋಟ್‌ಬುಕ್. ಯಾವ ತಿಂಗಳು ಎಷ್ಟು ಗಾಡಿ ರಿನ್ಯೂವಲ್, ಎಷ್ಟು ಪ್ರೀಮಿಯಂ, ಕ್ಲೇಮ್ ಆದದ್ದು ಎಷ್ಟು. ಒಟ್ಟು 260 ಗಾಡಿ ಇರಬೇಕು. ಗಿರಾಕಿ ಹೆಸರು, ನಂಬರ್ ಒಂದೂ ತೋರಿಸಲಿಲ್ಲ. ಆ ಲೆಕ್ಕವನ್ನು ಯಾವ ಕ್ರಮದಲ್ಲಿ ಮುಂದಿಟ್ಟೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಇನ್ನೂ ಇಬ್ಬರ ಹತ್ತಿರ ಮಾತಾಡುವುದಿದೆ.

ಪರ್ಸೆಂಟ್ ಸುದ್ದಿಗೇ ಹೋಗಲಿಲ್ಲ. 2023ರ ಏಪ್ರಿಲ್‌ನಲ್ಲಿ ವಿಮೆ ನಿಯಂತ್ರಿಸುವ ಐಆರ್‌ಡಿಎಐ ಒಂದೊಂದು ಬಗೆಯ ಪಾಲಿಸಿಗೆ ಇದ್ದ ಕಮಿಷನ್ ಮಿತಿ ತೆಗೆದ ಮೇಲೆ ಗ್ರಿಡ್ (ಕಮಿಷನ್ ದರದ ಪಟ್ಟಿ) ಒಂದೇ ಕಡೆ ನಿಲ್ಲುವುದೇ ಇಲ್ಲ, ಇವತ್ತು ಕೊಟ್ಟ 2 ಪರ್ಸೆಂಟ್ ಮುಂದಿನ ತಿಂಗಳು ಹೋಗುತ್ತದೆ, ಅದಕ್ಕೆ ಜಗಳ ಯಾಕೆ? "ಸರ್, ಗ್ರಿಡ್ ನಿಮ್ಮದೇ ಇರಲಿ, ಇಳಿಸುವುದಾದರೆ ಮೆಸೇಜ್ ಬಂದ ಮೇಲೆ ಮಾಡಿದ ಪಾಲಿಸಿಗೆ ಮಾತ್ರ ಇಳಿಸಿ" ಅಂದೆ. ಒಪ್ಪಿದರು. ಫ್ರೀ ಲುಕ್ ಮತ್ತು ಚೆಕ್ ಬೌನ್ಸ್ ಬಿಟ್ಟು ಬೇರೆ ಕಟಿಂಗ್ ಇಲ್ಲ, ಅದಕ್ಕೂ ಒಪ್ಪಿದರು. ರಿನ್ಯೂವಲ್‌ಗೆ ಮಾತ್ರ ಮೂರು ಸಲ ಕುಶಾಲನಗರಕ್ಕೆ ಹೋಗಿ ಬಂದೆ. ನಾನೇ ತಂದ ಗಿರಾಕಿ, ನಾನು ಬಿಟ್ಟರೆ ನನ್ನ ಜೊತೆ ಬರಬಹುದು, ತಡೆಯುವಂತಿಲ್ಲ ಅಂತ ಬರೆಸಿದೆ. ಅವರ ಆಫೀಸ್ ಹುಡುಕಿ ಕೊಟ್ಟ ಗಿರಾಕಿ ಅವರಿಗೇ. ಕಮಿಷನ್ ಓಡಿ ಮೇಲೋ, ನೆಟ್ (ತೆರಿಗೆ ಬಿಟ್ಟು ಪೂರ್ತಿ ಪ್ರೀಮಿಯಂ) ಮೇಲೋ ಅನ್ನುವುದನ್ನು ಗಾಡಿವಾರು ಶೀಟ್ ಮಾಡಿಸಿ, ಸೀಲ್ ಹಾಕಿಸಿ ಲಗತ್ತಿಸಿದೆ.

ವಾರಕ್ಕೊಮ್ಮೆ ಪೇಔಟ್ ಕೇಳಿ ನೋಡಿದೆ, ಆಗಲಿಲ್ಲ. ಹೋಂಸ್ಟೇಗಳಿಗೆ ಬೆಂಕಿ ವಿಮೆ ಮಾಡಿಸಲು ಮಡಿಕೇರಿ ಕಡೆ ಒಂದು ತಿಂಗಳು ಸುತ್ತಿದೆ. ಆರು ಪಾಲಿಸಿ ಆಯಿತು, ಪೆಟ್ರೋಲಿಗೇ ಸರಿಹೋಯಿತು. ಆದರೆ ಆ ಆರರಲ್ಲಿ ನಾಲ್ಕು ಜನ ತಮ್ಮ ಗಾಡಿಗಳನ್ನೂ ನನಗೇ ಕೊಟ್ಟರು.

ಈಗ ತಿಂಗಳಿಗೆ 22,000ದಿಂದ 25,000, ಟಿಡಿಎಸ್ ಕಳೆದು. ಅಚ್ಚು ಹಾಕಿಟ್ಟಿರ್ತಾರೆ ಅಂದ ಅಣ್ಣ ಮೊನ್ನೆ ಬಂದು ನನ್ನ ಅಗ್ರಿಮೆಂಟಿನ ಫೋಟೋ ತೆಗೆದುಕೊಂಡು ಹೋದರು.