ಇಎಂಡಿಆರ್ ಥೆರಪಿಗೆ ಹೋಗುವ ಮುಂಚೆ, ಒಳಗೆ ಕೂತಾಗ, ಎದ್ದು ಬಂದ ಮೇಲೆ

ಕಣ್ಣನ್ನು ಆ ಕಡೆ ಈ ಕಡೆ ಆಡಿಸಿದರೆ ಮನಸ್ಸಿನ ಹಳೆಯ ಗಾಯ ಮಾಯುತ್ತದೆ ಅಂದರೆ ನಂಬೋದು ಕಷ್ಟ, ಅಲ್ವಾ? ನನಗೂ ಕಷ್ಟವಾಗಿತ್ತು. ಒಂದು ರಸ್ತೆ ಅಪಘಾತದ ನಂತರ ಸುಮಾರು ಎರಡು ವರ್ಷ, ಎಲ್ಲಾದರೂ ಬ್ರೇಕ್ ಕಿರ್ ಅಂದರೆ ಸಾಕು, ಇದ್ದಲ್ಲೇ ಮರಗಟ್ಟಿ ನಿಂತುಬಿಡುತ್ತಿದ್ದೆ. ಅದೆಲ್ಲ ಮುಗಿದುಹೋಗಿದೆ ಅಂತ ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಇಎಂಡಿಆರ್ ಮೈಗೆ ಆ ಮಾತನ್ನು ಮುಟ್ಟಿಸುವ ಕೆಲಸ ಮಾಡುತ್ತದೆ. ಹೋಗಬೇಕು ಅಂದುಕೊಂಡು ಹೆದರಿ ಕೂತವರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಪೂರ್ತಿ ಹೆಸರು ಐ ಮೂವ್‌ಮೆಂಟ್ ಡಿಸೆನ್ಸಿಟೈಸೇಷನ್ ಆಂಡ್ ರೀಪ್ರೊಸೆಸಿಂಗ್. 1987ರಲ್ಲಿ, ಇದನ್ನು ಶುರು ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞೆ ಫ್ರಾನ್ಸಿನ್ ಶಪಿರೊ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಯೋಚನೆಗಳು ಕಣ್ಣು ಸರಸರ ಆಡಿದ ಮೇಲೆ ಹಗುರಾದದ್ದನ್ನು ಗಮನಿಸಿದರಂತೆ. ಮೊದಲ ಅಧ್ಯಯನ ಬಂದದ್ದು 1989ರಲ್ಲಿ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಘಾತದ ನಂತರದ ಒತ್ತಡಕ್ಕೆ ಇದನ್ನೂ ಶಿಫಾರಸು ಮಾಡಿತು. ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ನನಗೆ ಹಿಡಿಸಿದ ವಿವರಣೆ ಇದು: ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಹುದಾದದ್ದು ಸ್ವಲ್ಪವೇ. ಕಥೆ ಹೇಳುತ್ತಾ ಹೇಳುತ್ತಾ ಒಳಗೊಳಗೇ ಲೆಕ್ಕ ಮಾಡಲು ಹೋದರೆ ಕಥೆಯ ಬಣ್ಣ ಮಾಸುತ್ತದಲ್ಲ, ಹಾಗೆಯೇ ನೆನಪನ್ನು ಹಿಡಿದುಕೊಂಡು, ಥೆರಪಿಸ್ಟ್ ಆಡಿಸುವ ಬೆರಳನ್ನೂ ಕಣ್ಣಲ್ಲಿ ಹಿಂಬಾಲಿಸಿದಾಗ ನೆನಪಿನ ಮೊನಚು ಕಡಿಮೆಯಾಗುತ್ತದೆ. ಇದರಲ್ಲಿ ಕಣ್ಣಿನ ಪಾಲು ಎಷ್ಟು ಅಂತ ಸಂಶೋಧಕರು ಇನ್ನೂ ವಾದ ಮಾಡುತ್ತಲೇ ಇದ್ದಾರೆ. ಕಣ್ಣಿನ ಬದಲು ಎರಡೂ ಕೈ ಮೇಲೆ ಒಂದಾದ ಮೇಲೊಂದು ತಟ್ಟುವುದು, ಎರಡೂ ಕಿವಿಗೆ ಬದಲಿಸಿ ಬದಲಿಸಿ ಸದ್ದು ಕೇಳಿಸುವುದೂ ಉಂಟು.

ಮೊದಲ ಮಾತು, ಇದನ್ನು ಮನೆಯಲ್ಲಿ ಒಬ್ಬರೇ ಮಾಡಿಕೊಳ್ಳಬೇಡಿ. ಪರದೆ ಮೇಲೆ ಚುಕ್ಕೆ ಓಡಾಡುವ ವಿಡಿಯೊಗಳು, ಆ್ಯಪ್‌ಗಳು ಬೇಕಾದಷ್ಟಿವೆ. ಚುಕ್ಕೆ ನೆನಪಿನ ಬಾಗಿಲು ತೆಗೆಯಬಹುದು, ಆದರೆ ಒಳಗಿಂದ ತಡೆಯಲಾರದ್ದು ಬಂದಾಗ ನಿಮ್ಮನ್ನು ವಾಪಸ್ ಕರೆದುಕೊಂಡು ಬರಲು ಚುಕ್ಕೆಗೆ ಆಗುವುದಿಲ್ಲ. ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಬೇಕು.

ಹಾಗಾಗಿ ಥೆರಪಿಸ್ಟನ್ನು ಆರಿಸುವುದಕ್ಕೆ ಸಮಯ ಕೊಡಿ. ಸಂಕೋಚ ಬಿಟ್ಟು ನೇರವಾಗಿ ಕೇಳಿ: ಇಎಂಡಿಆರ್ ತರಬೇತಿ ಎಲ್ಲಿ ಆಯಿತು, ಅನುಭವಿಗಳ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದ್ದೀರಾ, ನನ್ನಂಥ ಸಮಸ್ಯೆ ಇದ್ದವರನ್ನು ನೋಡಿದ್ದೀರಾ, ಮಧ್ಯದಲ್ಲಿ ನನಗೆ ತಡೆಯಲು ಆಗದಿದ್ದರೆ ಏನು ಮಾಡುತ್ತೀರಿ? ಒಳ್ಳೆಯವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಭೇಟಿಯಾದ ಹತ್ತೇ ನಿಮಿಷಕ್ಕೆ ಬೆರಳು ಆಡಿಸಲು ಶುರು ಮಾಡಿದರೆ ಎದ್ದು ಬನ್ನಿ. ಇದರಲ್ಲಿ ಎಂಟು ಹಂತಗಳಿವೆ, ಕಣ್ಣಿನ ಕೆಲಸ ಬರುವುದು ನಾಲ್ಕನೆಯದರಲ್ಲಿ.

ನೀವೂ ಕೆಲವು ವಿಷಯ ಮುಚ್ಚಿಡಬಾರದು. ಮೂರ್ಛೆ ರೋಗ, ಕಣ್ಣಿನ ತೊಂದರೆ, ಬಸಿರು, ತೆಗೆದುಕೊಳ್ಳುವ ಮಾತ್ರೆಗಳು, ಕುಡಿತ, ಸಾಯಬೇಕು ಅನ್ನಿಸುವುದು ಎಲ್ಲವನ್ನೂ ಹೇಳಿ. ಇದ್ದಕ್ಕಿದ್ದಂತೆ ಕಳೆದುಹೋದ ಹಾಗಾಗಿ, ಹೊತ್ತು ಎಲ್ಲಿ ಹೋಯಿತು ಅಂತಲೇ ತಿಳಿಯದ ಅನುಭವ ಇದ್ದರೆ ಅದನ್ನಂತೂ ಹೇಳಲೇಬೇಕು, ಅಂಥವರಿಗೆ ತಯಾರಿಯೇ ಜಾಸ್ತಿ ದಿನ ಬೇಕಾಗುತ್ತದೆ. ಹೊಡೆಯುವವರ ಜೊತೆಗೇ ಇನ್ನೂ ಬದುಕುತ್ತಿದ್ದರೆ ಮೊದಲು ಆ ಅಪಾಯದಿಂದ ಹೊರಗೆ ಬರುವ ದಾರಿ ನೋಡಬೇಕು.

ಆಮೇಲೆ ತಯಾರಿ. ಎಲ್ಲರೂ ಬೇಗ ಮುಗಿಸಲು ನೋಡುವುದು ಇದನ್ನೇ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಮನಸ್ಸಿಗೆ ಹಿತವಾದ ಒಂದು ಜಾಗವನ್ನು ನೆನೆಸಿಕೊಳ್ಳಲು ಹೇಳುತ್ತಾರೆ. ನನ್ನದು ಕಿಟಕಿ ಪಕ್ಕದ ಒಂದು ಮೂಲೆ. ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಗೋಡೆ ಮುಟ್ಟಿದರೆ ತಣ್ಣಗಿದೆಯಾ, ಯಾವ ಸದ್ದು ಕೇಳುತ್ತದೆ ಅಂತ ಒಂದೊಂದಾಗಿ ಕೇಳಿದರು. ಕೇಳುತ್ತಾ ಹೋದ ಹಾಗೆ ನನ್ನ ಭುಜ ತಾನಾಗಿ ಕೆಳಗಿಳಿಯಿತು. ಇದನ್ನು ಮನೆಯಲ್ಲಿ ದಿನಾ ಐದು ನಿಮಿಷ ಮಾಡಿ, ಅದೂ ಮನಸ್ಸು ಸರಿಯಿದ್ದಾಗಲೇ ಮಾಡಿ. ಸರಿಯಿದ್ದಾಗ ರೂಢಿಯಾದರೆ ತಾನೇ ಬೇಕಾದಾಗ ಕೈಗೆ ಸಿಗುವುದು. ಇನ್ನೊಂದು ಅಭ್ಯಾಸ, ಸದ್ಯಕ್ಕೆ ಬೇಡದ ನೆನಪನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ ಹಾಗೆ ಕಲ್ಪಿಸಿಕೊಳ್ಳುವುದು. ನಿಲ್ಲಿಸಿ ಅನ್ನುವುದಕ್ಕೆ ಒಂದು ಕೈಸನ್ನೆಯನ್ನೂ ಗೊತ್ತು ಮಾಡಿಕೊಳ್ಳಿ. ಅದನ್ನು ಒಮ್ಮೆ ಸುಮ್ನೆ ಬಳಸಿ ನೋಡಿ, ಕೈ ಎತ್ತಿದ ಕೂಡಲೇ ಅವರು ನಿಲ್ಲಿಸುತ್ತಾರೆ ಅಂತ ಮೈಗೆ ನಂಬಿಕೆ ಬರಬೇಕು.

ನಿಜವಾದ ಕೆಲಸ ಶುರುವಾಗುವ ದಿನ ಕೆಲವು ಪ್ರಶ್ನೆ ಕೇಳುತ್ತಾರೆ. ಆ ಘಟನೆಯ ಅತಿ ಕೆಟ್ಟ ಚಿತ್ರ ಯಾವುದು? ಅದನ್ನು ನೋಡಿದಾಗ ನಿಮ್ಮ ಬಗ್ಗೆಯೇ ಏನು ಅನ್ನಿಸುತ್ತದೆ? ನನಗೆ ‘ನಾನು ಸುರಕ್ಷಿತವಾಗಿಲ್ಲ’ ಅನ್ನಿಸುತ್ತಿತ್ತು. ಅದರ ಬದಲು ಏನು ನಂಬಬೇಕು ಅಂತ ಇಷ್ಟ, ಈಗ ಅದು 1ರಿಂದ 7ರಲ್ಲಿ ಎಷ್ಟು ನಿಜ ಅನ್ನಿಸುತ್ತದೆ? ಸಂಕಟ 0ಯಿಂದ 10ರಲ್ಲಿ ಎಷ್ಟು? ಮೈಯಲ್ಲಿ ಎಲ್ಲಿ? ಸರಿಯಾದ ಅಂಕೆ ಅಂತ ಒಂದಿಲ್ಲ, ಬಾಯಿಗೆ ಮೊದಲು ಬಂದದ್ದನ್ನೇ ಹೇಳಿ. ನಾನು 9 ಅಂದೆ, ಎದೆ ಅಂದೆ.

ಅವರ ಕುರ್ಚಿ ನಿಮ್ಮ ಎದುರಿಗೆ, ಸ್ವಲ್ಪ ಪಕ್ಕಕ್ಕಿರುತ್ತದೆ. ಎರಡು ಬೆರಳು ನಿಮ್ಮ ಮುಖದ ಮುಂದೆ ಎಡಕ್ಕೆ ಬಲಕ್ಕೆ ಓಡುತ್ತವೆ. ತಲೆ ಆಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಒಂದು ಸುತ್ತಿಗೆ ಸುಮಾರು 24 ಬಾರಿ, ಅರ್ಧ ನಿಮಿಷದಷ್ಟು. ಆಮೇಲೆ ಉಸಿರು ಬಿಡಲು ಹೇಳಿ, ‘ಏನು ಬಂತು?’ ಅಂತ ಕೇಳುತ್ತಾರೆ. ಉತ್ತರ ಒಂದೆರಡು ಮಾತು ಇದ್ದರೆ ಸಾಕು. ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ, ಬಾಯಿಬಿಟ್ಟು ಹೇಳಲಾರದ ನೋವು ಇದ್ದವರಿಗೆ ಇದು ದೊಡ್ಡ ಸಮಾಧಾನ. ಬಂದದ್ದನ್ನು ತಡೆಯಬೇಡಿ, ಬಾರದ್ದನ್ನು ಎಳೆಯಬೇಡಿ, ರೈಲಿನ ಕಿಟಕಿಯಿಂದ ಹೊರಗೆ ನೋಡುವ ಹಾಗೆ ನೋಡುತ್ತಾ ಕೂತಿರಿ. ಸಂಬಂಧವೇ ಇಲ್ಲ ಅನ್ನಿಸುವ ಏನಾದರೂ ಬಂದರೂ ಹೇಳಿ. ನನಗೆ ಮೂರನೆಯ ಸುತ್ತಿನಲ್ಲಿ ಬ್ರೇಕಿನ ಸದ್ದಿನ ಬದಲು ಒಂದು ಕೈ ಕಂಡಿತು. ರಸ್ತೆಯಲ್ಲಿ ಬಿದ್ದಿದ್ದಾಗ ಯಾರೋ ಒಬ್ಬ ಹೆಂಗಸು ನನ್ನ ಅಂಗೈ ಹಿಡಿದು ಪಕ್ಕದಲ್ಲೇ ಕೂತಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ಅವರ ನೆನಪು ಬಂದಿರಲಿಲ್ಲ. ಜೋರಾಗಿ ಅತ್ತೆ. ಥೆರಪಿಸ್ಟ್ ‘ಅದರ ಜೊತೆಗೇ ಇರಿ’ ಅಂದು ಮುಂದಿನ ಸುತ್ತು ಶುರು ಮಾಡಿದರು. ಆ ದಿನ ಎದ್ದಾಗ 9 ಇದ್ದದ್ದು 6 ಆಗಿತ್ತು.

ಸಂಕಟ 0 ಹತ್ತಿರ ಬಂದ ಮೇಲೆ ನೀವು ಬಯಸಿದ ನಂಬಿಕೆಯನ್ನು ಅದೇ ರೀತಿ ಗಟ್ಟಿ ಮಾಡಿ, ತಲೆಯಿಂದ ಕಾಲಿನವರೆಗೆ ಎಲ್ಲಾದರೂ ಬಿಗಿ ಉಳಿದಿದೆಯಾ ಅಂತ ಹುಡುಕಿಸುತ್ತಾರೆ. ಒಂದೇ ದಿನದಲ್ಲಿ ಅಲ್ಲಿಗೆ ಮುಟ್ಟದೇ ಇರೋದು ಮಾಮೂಲು. ಆಗ ಪೆಟ್ಟಿಗೆ, ಹಿತವಾದ ಜಾಗ ಎರಡನ್ನೂ ಬಳಸಿ ನಿಮ್ಮನ್ನು ನೆಲೆಗೆ ತಂದೇ ಕಳಿಸಬೇಕು.

ಸೆಷನ್ 60ರಿಂದ 90 ನಿಮಿಷ ಹಿಡಿಯುತ್ತದೆ. ಅವತ್ತು ಬೇರೆ ದೊಡ್ಡ ಕೆಲಸ ಇಟ್ಟುಕೊಳ್ಳಬೇಡಿ, ಕೂಡಲೇ ಗಾಡಿ ಓಡಿಸಬೇಡಿ. ಒಂದೆರಡು ದಿನ ಸುಸ್ತು, ಕನಸು, ಕಾರಣವಿಲ್ಲದ ಸಿಟ್ಟು ಬರಬಹುದು, ಸೆಷನ್ ಮುಗಿದ ಮೇಲೂ ಮನಸ್ಸು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಪುಸ್ತಕದಲ್ಲಿ ಸಣ್ಣದಾಗಿ ಬರೆದಿಡಿ: ಏನು ಕೆಣಕಿತು, ಯಾವ ಚಿತ್ರ ಬಂತು, ಎಷ್ಟು ಅಂಕೆ. ಮನಸ್ಸು ಕದಡಿದಾಗ ಎರಡೂ ಕೈ ಎದೆ ಮೇಲೆ ಅಡ್ಡಡ್ಡ ಇಟ್ಟು, ಭುಜದ ಹತ್ತಿರ ಎಡ ಬಲ ಅಂತ ನಿಧಾನವಾಗಿ ತಟ್ಟಿಕೊಳ್ಳುವ ‘ಬಟರ್‌ಫ್ಲೈ ಹಗ್’ ಮಾಡಬಹುದು. 1997ರ ಚಂಡಮಾರುತದ ನಂತರ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಬದುಕುಳಿದವರ ಜೊತೆ ಕೆಲಸ ಮಾಡುವಾಗ ಹುಟ್ಟಿದ್ದು ಇದು. ಅದನ್ನೂ ಥೆರಪಿಸ್ಟ್ ಹತ್ತಿರವೇ ಮೊದಲು ಕಲಿತುಕೊಳ್ಳಿ, ಮನೆಯಲ್ಲಿ ಸಮಾಧಾನಕ್ಕೆ ಮಾತ್ರ ಬಳಸಿ, ನೆನಪನ್ನು ಕೆದಕಬೇಡಿ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಮುಂದಿನ ಸೆಷನ್‌ವರೆಗೆ ಕಾಯಲೇಬೇಡಿ, ಆಗಲೇ ಥೆರಪಿಸ್ಟಿಗೆ ಅಥವಾ ತುರ್ತು ಸಹಾಯವಾಣಿಗೆ ಫೋನ್ ಮಾಡಿ, ಒಬ್ಬರೇ ಇರಬೇಡಿ.

ಒಂದೇ ಘಟನೆಯಾದರೆ ಸಾಮಾನ್ಯವಾಗಿ 6ರಿಂದ 12 ಸೆಷನ್ ಆಗುತ್ತದೆ, ಚಿಕ್ಕಂದಿನಿಂದ ಅನುಭವಿಸಿದ್ದಾದರೆ ಇನ್ನೂ ಜಾಸ್ತಿ. ಪ್ರತಿ ಸಲ ಹೋದಾಗ ಹಳೆಯ ಅಂಕೆಯನ್ನು ಮತ್ತೆ ಕೇಳುತ್ತಾರೆ, ಬರೆದಿಟ್ಟ ಪುಸ್ತಕ ತೆಗೆದುಕೊಂಡು ಹೋಗಿ. ಮೂರ್ನಾಲ್ಕು ಸಲ ಹೋದರೂ ಅಂಕೆ ಅಲುಗಾಡದಿದ್ದರೆ ಸುಮ್ಮನಿರಬೇಡಿ, ಯಾಕೆ ಅಂತ ಕೇಳಿ. ಅದರ ಹಿಂದೆ ಇನ್ನೊಂದು ಹಳೆಯ ನೆನಪು ಕೂತಿರಬಹುದು.

ಮುಗಿಸುವ ಮುಂಚೆ, ಮುಂದೆ ಎದುರಾಗುವ ಸಂದರ್ಭವನ್ನೂ ಕಲ್ಪನೆಯಲ್ಲಿ ನಡೆಸಿ ನೋಡಬೇಕು. ನನ್ನ ಕೈಲಿ ರಸ್ತೆ ದಾಟುವುದನ್ನು ಮಾಡಿಸಿದರು: ಪಕ್ಕದಲ್ಲಿ ಬ್ರೇಕ್ ಕಿರ್ ಅನ್ನುತ್ತದೆ, ನಾನು ತಿರುಗಿ ನೋಡುತ್ತೇನೆ, ಕಾಲು ಮುಂದಿಡುತ್ತೇನೆ, ಆ ಕಡೆ ಸೇರುತ್ತೇನೆ. ನಿಮ್ಮ ಥೆರಪಿಸ್ಟ್ ಇದನ್ನು ಬಿಟ್ಟು ಮುಗಿಸಲು ಹೊರಟರೆ ಕೇಳಿ ಮಾಡಿಸಿಕೊಳ್ಳಿ.